ಅಣ್ಣನ ಪರೀಕ್ಷೆ, ಅತ್ತಿಗೆಯ ಕುರ್ಚಿ

ನಮ್ಮತ್ತಿಗೆ ಮೊದಲು ಹೆರಿಗೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಬೆನ್ನಿನ ಡಿಸ್ಕ್ ಜಾರಿತು, ಇನ್ನು ಯಾರನ್ನೂ ಎತ್ತಿ ಇಳಿಸುವ ಕೆಲಸ ಬೇಡ ಎಂದು ಡಾಕ್ಟರು ಹೇಳಿದರು. ಆಗ ಅವರಿಗೆ ನಲವತ್ತು ದಾಟಿತ್ತು. ಮನೆಯಲ್ಲಿ ಕೈಕಟ್ಟಿ ಕೂರುವ ಪೈಕಿಯಲ್ಲ. ಒಂದು ದಿನ ಬೆಳಿಗ್ಗೆ ಅಣ್ಣನ ಮೇಜಿನ ಆಚೆ ಬದಿಗೆ ಕುರ್ಚಿ ಎಳೆದುಕೊಂಡು ಕೂತು, "ರೀ, ನಿಮ್ಮ ಕೆಲಸ ನಂಗೂ ಸ್ವಲ್ಪ ಕಲಿಸಿ" ಅಂದರು.

ಅಣ್ಣನ ಕೆಲಸ ವಂಶಾವಳಿ ಹುಡುಕುವುದು. ಯಾರೋ ಮಕ್ಕಳಿಲ್ಲದೆ ಸತ್ತಿರುತ್ತಾರೆ, ಮನೆ ಉಳಿದಿರುತ್ತದೆ. ಅವರ ದೊಡ್ಡಪ್ಪನ ಮೊಮ್ಮಕ್ಕಳು ಎಲ್ಲಿದ್ದಾರೆ, ನಿಜವಾಗಿ ಇದ್ದಾರೆಯೇ ಎಂದು ಪತ್ತೆ ಮಾಡಿ ವಕೀಲರಿಗೆ ವರದಿ ಕೊಡಬೇಕು. ಇನ್ನು ಕೆಲವರು ಸುಮ್ಮನೆ ಕುತೂಹಲಕ್ಕೆ ಬರುತ್ತಾರೆ: ನಮ್ಮ ಮುತ್ತಜ್ಜಿ ಯಾವ ಊರಿನವಳು, ಯಾಕೆ ಊರು ಬಿಟ್ಟಳು. "ನದಿಮೂಲ, ಋಷಿಮೂಲ ಕೇಳಬಾರದು ಅಂತಾರೆ. ನಮ್ಮನೆ ಒಲೆ ಉರಿಯೋದೇ ಅದನ್ನ ಕೇಳಿ" ಎಂದು ಅಣ್ಣ ನಗುತ್ತಿದ್ದ.

ನಾನು ಅವರ ಮನೆಯ ಮೇಲಿನ ಮಹಡಿಯಲ್ಲಿ ಇರುವವಳು, ಅಣ್ಣನಿಗೆ ಒಬ್ಬಳೇ ತಂಗಿ. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸ ನನ್ನದು. ಆದ್ದರಿಂದ ಇದನ್ನೆಲ್ಲ ನಾನು ಯಾರಿಂದಲೋ ಕೇಳಿ ಹೇಳುತ್ತಿಲ್ಲ. ಬಹಳಷ್ಟು ನನ್ನ ಕಣ್ಣೆದುರಿಗೇ ಆಯಿತು.

ಅತ್ತಿಗೆ ಬೇಗ ಕಲಿತರು. ರೆಕಾರ್ಡ್ ರೂಮಿನ ಹಳೇ ಕೈಬರಹ ಅವರಿಗೆ ನೀರು ಕುಡಿದಷ್ಟು ಸುಲಭವಾಯಿತು. "ಡಾಕ್ಟ್ರುಗಳ ಚೀಟಿ ಇಪ್ಪತ್ತು ವರ್ಷ ಓದಿದೀನಿ. ಇದೇನು ಮಹಾ" ಅನ್ನುತ್ತಿದ್ದರು. ಎರಡು ವರ್ಷ ಕಳೆಯುವಷ್ಟರಲ್ಲಿ ಗಂಡ ಹೆಂಡತಿ ಇಬ್ಬರೂ ಒಟ್ಟಿಗೇ ಮಾನ್ಯತಾ ಪರೀಕ್ಷೆಗೆ ಅರ್ಜಿ ಹಾಕಿದರು.

ಈ ಕಸುಬಿನವರಿಗೆ ಒಂದು ಸಂಸ್ಥೆ ಇದೆ. ಅದರ ಪರೀಕ್ಷೆ ಪಾಸಾದವರು ಮಾನ್ಯತೆ ಪಡೆದವರು ಎಂದು ತಮ್ಮ ವರದಿಗೆ ಮುದ್ರೆ ಒತ್ತಬಹುದು. ಮೊದಲು ಒಂದು ವರ್ಷ ದುಡಿದು, ಒಂದು ಕುಟುಂಬದ ನಾಲ್ಕೈದು ತಲೆಮಾರಿನ ಕಥೆಯನ್ನು ಸಾಕ್ಷಿ ಸಮೇತ ಬರೆದು ಕೊಡಬೇಕು. ಅದು ಒಪ್ಪಿಗೆಯಾದರೆ ಒಂದು ದಿನ ಲಿಖಿತ ಪರೀಕ್ಷೆ, ಮರುದಿನ ಸಂದರ್ಶನ. ಲಿಖಿತದಲ್ಲಿ ನಾಲ್ಕು ಪತ್ರಿಕೆ. ಯಾವುದಾದರೂ ಒಂದರಲ್ಲಿ ಫೇಲಾದರೂ ಎಲ್ಲವೂ ಫೇಲು. ಮತ್ತೆ ಬೇಕೆಂದರೆ ಹೊಸ ಕುಟುಂಬ ಹುಡುಕಿ, ಮತ್ತೆ ವರ್ಷವಿಡೀ ದುಡಿದು, ಮೊದಲಿನಿಂದ ಬರಬೇಕು. ಹಾವು ಏಣಿ ಆಟದ ಹಾಗೆ, ತೊಂಬತ್ತೊಂಬತ್ತರ ಮನೆಯಲ್ಲಿ ಹಾವು.

ಅತ್ತಿಗೆ ಮೊದಲ ಸಲಕ್ಕೇ ಪಾಸು. ಕಲಿಸಿದ ಅಣ್ಣ ಫೇಲು.

ಅವನು ಫೇಲಾದದ್ದು ಕೈಬರಹ ಓದುವ ಪತ್ರಿಕೆಯಲ್ಲಿ. ಹಳೇ ರಿಜಿಸ್ಟರಿನ ಒಂದು ಪುಟ ಕೊಡುತ್ತಾರೆ, ಕಂಡದ್ದನ್ನು ಕಂಡ ಹಾಗೆ ಇಳಿಸಬೇಕು, ಕಾಣದ್ದನ್ನು ಕಾಣುತ್ತಿಲ್ಲ ಎಂದು ಗುರುತು ಹಾಕಬೇಕು. ಅಣ್ಣನಿಗೆ ಖಾಲಿ ಬಿಡಲು ಮನಸ್ಸು ಬಾರದು. ಮಸಿ ಚೆಲ್ಲಿದ ಜಾಗದಲ್ಲೂ ಅವನಿಗೊಂದು ಹೆಸರು ಹೊಳೆಯುತ್ತದೆ, ಬರೆದುಬಿಡುತ್ತಾನೆ. ಹೊರಗಿನ ಕೆಲಸದಲ್ಲಿ ಅದೇ ಅವನ ಬಲ. ಅಂದಾಜು ಮಾಡಿ, ಆ ಬೀದಿಗೆ ಹೋಗಿ, ಯಾವುದೋ ಮುದುಕಿಯ ಪಕ್ಕ ಅರ್ಧ ದಿನ ಕೂತು, ಅಂದಾಜು ಸರಿಯೋ ತಪ್ಪೋ ತಿಳಿದುಕೊಂಡೇ ಏಳುತ್ತಾನೆ. ಪರೀಕ್ಷೆಯ ಹಾಲಿನಲ್ಲಿ ಕೇಳಲು ಮುದುಕಿ ಎಲ್ಲಿ? ನಾನು ಅವನ ಕಣ್ಣು ನೋಡಿದೆ. ಕಣ್ಣಿಗೆ ಏನೂ ಆಗಿರಲಿಲ್ಲ. "ಅಣ್ಣ, ನಿನ್ನ ಬುದ್ಧಿಗೆ ಹಾಕೋ ಕನ್ನಡಕ ನಮ್ಮ ಅಂಗಡೀಲಿ ಇಲ್ಲ" ಅಂದೆ.

ಇನ್ನೆರಡು ಸಲ ಕೂತ. ಎರಡೂ ಸಲ ಅದೇ ಪತ್ರಿಕೆ ಕಾಲೆಳೆಯಿತು. ನಾಲ್ಕನೇ ಸಲಕ್ಕೆ ಅರ್ಜಿ ಹಾಕಲಿಲ್ಲ. ಅಷ್ಟರಲ್ಲಿ ಕೋರ್ಟಿನವರು ಮುದ್ರೆ ಇರುವ ವರದಿಯನ್ನೇ ಕೇಳುವುದಕ್ಕೆ ಶುರುಮಾಡಿದ್ದರು. ಅಣ್ಣ ಒಂದು ವರದಿ ತಂದು ಅತ್ತಿಗೆಯ ಮುಂದೆ ಇಟ್ಟು, "ಇಲ್ಲೊಂದು ಸಹಿ ಹಾಕು ಕಣೇ" ಅಂದ.

"ಓದಿ ಹಾಕ್ತೀನಿ."

"ನಾನು ಬರೆದಿದ್ದು ಅದು."

"ಅದಕ್ಕೇ ಓದ್ಬೇಕು."

ಅತ್ತಿಗೆ ಅದನ್ನು ಇಡೀ ವಾರ ಓದಿದರು, ಪ್ರತಿಯೊಂದು ದಾಖಲೆಯನ್ನೂ ತಾವೇ ತೆಗೆಸಿ ನೋಡಿದರು. ಆಮೇಲೇ ಸಹಿ. ಅಣ್ಣ ಮುಖ ಊದಿಸಿಕೊಂಡಿದ್ದ. ಆದರೆ ಅಲ್ಲಿಂದ ಮುಂದೆ ಮನೆಯ ರೂಢಿಯೇ ಅದಾಯಿತು: ಅವನು ಊರು ಸುತ್ತುವುದು, ಇವರು ಓದಿ ಸಹಿ ಹಾಕುವುದು. ಹೀಗೇ ಎಷ್ಟೋ ವರ್ಷ ನಡೆಯಿತು.

ಸಂಸ್ಥೆಗೆ ಆಗ ಅಧ್ಯಕ್ಷರಾಗಿದ್ದವರು ನಿವೃತ್ತ ಹೆಡ್‌ಮಾಸ್ಟರು. ಎಲ್ಲರೂ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಪರೀಕ್ಷೆಯನ್ನು ಕಟ್ಟಿ ನಿಲ್ಲಿಸಿದವರೇ ಅವರು. ಒಂದು ಅಲ್ಪವಿರಾಮ ತಪ್ಪಿದರೂ ಬಿಡುತ್ತಿರಲಿಲ್ಲ. ಅವರ ಕಾಲದಲ್ಲಿ ಸಂಸ್ಥೆಯ ಮುದ್ರೆಗೆ ಬೆಲೆ ಬಂತು, ನಿಜ. ಆದರೆ ಅರ್ಜಿ ಹಾಕುವವರು ವರ್ಷದಿಂದ ವರ್ಷಕ್ಕೆ ಕರಗಿದರು. ಕೊನೆಗೆ ಒಂದು ವರ್ಷ ಪರೀಕ್ಷೆ ಬರೆಯುವವರಿಗಿಂತ ಪರೀಕ್ಷಕರೇ ಹೆಚ್ಚಾಗಿಬಿಟ್ಟರು. ಸಮಿತಿಯವರು ಬದಲಾವಣೆ ಬೇಕು ಅಂದಾಗ ಮೇಷ್ಟ್ರು ಜಗಳವಾಡಲಿಲ್ಲ. "ನಂಗೆ ಬೇರೆ ಥರ ಮಾಡೋಕೆ ಬರಲ್ಲ. ಬರೋರು ಮಾಡಲಿ" ಎಂದು ಕೀಲಿಗೊಂಚಲು ಮೇಜಿನ ಮೇಲಿಟ್ಟು ಎದ್ದು ಹೋದರು.

ಆ ಕುರ್ಚಿಗೆ ಬರುವುದಕ್ಕೆ ಯಾರೂ ತಯಾರಿರಲಿಲ್ಲ. ಅತ್ತಿಗೆ ಆಗ ಸಮಿತಿಯ ಸದಸ್ಯೆ. ಎಲ್ಲರೂ ಅವರ ಮುಖ ನೋಡಿದರು. "ಹೆರಿಗೆ ವಾರ್ಡಲ್ಲೂ ಹೀಗೇ ಆಗೋದು. ಕಷ್ಟದ ಕೇಸ್ ಬಂದ್ರೆ ಎಲ್ಲರೂ ನನ್ನನ್ನೇ ನೋಡೋರು" ಎಂದು ಮನೆಗೆ ಬಂದು ಹೇಳಿದರು. ಅಣ್ಣ, "ಅಧ್ಯಕ್ಷೆಯವರು ಚಹಾ ಕುಡೀತಾರೋ, ಅಪಾಯಿಂಟ್‌ಮೆಂಟ್ ತಗೋಬೇಕೋ?" ಎಂದು ಕೇಳಿ ಬೈಸಿಕೊಂಡ.

ಅತ್ತಿಗೆ ಮೊದಲು ಮಾಡಿದ ಕೆಲಸ ಫೋನ್ ಹಚ್ಚುವುದು. ಒಮ್ಮೆ ಫೇಲಾಗಿ ಮತ್ತೆ ಈ ಕಡೆ ತಲೆ ಹಾಕದವರಿಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡಿ, ಯಾಕೆ ಬರಲಿಲ್ಲ ಎಂದು ಕೇಳಿದರು. ಕೆಲವರು ಸಂಕೋಚಪಟ್ಟರು, ಕೆಲವರು ಬೈದರು. ಒಬ್ಬಾಕೆ, "ಒಂದು ಹಲ್ಲು ಹುಳುಕಾಗಿದೆ ಅಂತ ಬಾಯಲ್ಲಿರೋ ಹಲ್ಲೆಲ್ಲ ಕಿತ್ತು ಕಳಿಸ್ತೀರಿ ಮೇಡಂ. ಮತ್ತೆ ಯಾವ ಧೈರ್ಯದಲ್ಲಿ ಬರೋದು?" ಅಂದರಂತೆ. ಆ ಮಾತು ಅತ್ತಿಗೆಯ ತಲೆಯಲ್ಲಿ ಕೂತಿತು.

ಆರು ತಿಂಗಳು ಕೂತು ಹೊಸ ಕ್ರಮ ತಯಾರಿಸಿದರು. ಪಾಸಾದ ಪತ್ರಿಕೆ ಪಾಸಾಗಿಯೇ ಉಳಿಯುತ್ತದೆ, ಫೇಲಾದ ಒಂದನ್ನು ಮಾತ್ರ ಮತ್ತೆ ಬರೆದರೆ ಸಾಕು. ಉತ್ತರವನ್ನು ಕಂಪ್ಯೂಟರಿನಲ್ಲಿ ಬರೆಯಬಹುದು. ತಿದ್ದುವವರಿಗೆ ಹೆಸರು ಕಾಣುವುದಿಲ್ಲ, ನಂಬರು ಮಾತ್ರ. ಫೇಲಾದವರಿಗೆ ಎಲ್ಲಿ ತಪ್ಪಿತು ಎಂದು ಬರೆದು ತಿಳಿಸಬೇಕು. ಇಷ್ಟೇ. ಓದಿದರೆ ಇದರಲ್ಲಿ ತಲೆ ಹೋಗುವಂಥದ್ದು ಏನೂ ಇಲ್ಲ ಅನಿಸುತ್ತದೆ. ಆದರೆ ಹಳೇ ಪರೀಕ್ಷಕರಲ್ಲಿ ಅರ್ಧದಷ್ಟು ಜನ ಮುನಿಸಿಕೊಂಡರು. ನಾವು ಅಷ್ಟು ಕಷ್ಟಪಟ್ಟು ಹತ್ತಿದ ಮೆಟ್ಟಿಲಿಗೆ ಇವರು ಲಿಫ್ಟ್ ಹಾಕಿಸುತ್ತಿದ್ದಾರೆ ಎಂಬ ಸಿಟ್ಟು.

ಸದಸ್ಯರ ಸಭೆ ಲೈಬ್ರರಿಯ ಹಾಲಿನಲ್ಲಿ ನಡೆಯಿತು. ಅತ್ತಿಗೆಗೆ ಬೆನ್ನುನೋವು ಹೆಚ್ಚಾಗಿದ್ದರಿಂದ ಕಾರು ಓಡಿಸಿಕೊಂಡು ಹೋದವಳು ನಾನೇ. ಹಿಂದಿನ ಸಾಲಿನಲ್ಲಿ ಕೂತಿದ್ದೆ. ಅಣ್ಣ ಸದಸ್ಯನಲ್ಲ, ಬಂದಿರಲಿಲ್ಲ. ಮೈಕು ಕೊರಕೊರ ಅನ್ನುತ್ತಿತ್ತು. ಅತ್ತಿಗೆ ಅದನ್ನು ಪಕ್ಕಕ್ಕಿಟ್ಟು, ವಾರ್ಡಿನಲ್ಲಿ ಮಾತಾಡುವ ದನಿಯಲ್ಲಿ ಎಲ್ಲವನ್ನೂ ವಿವರಿಸಿದರು. ಚರ್ಚೆಯೂ ಚೆನ್ನಾಗಿಯೇ ಸಾಗಿತ್ತು. ಆಗ ಸಂಸ್ಥೆಯ ಹಿರಿಯ ಸದಸ್ಯರಾದ ವಕೀಲರೊಬ್ಬರು ಎದ್ದು ನಿಂತರು.

"ಒಂದೇ ಪ್ರಶ್ನೆ. ಮೂರು ಸಲ ಒಂದೇ ಪತ್ರಿಕೇಲಿ ಫೇಲಾದೋರು ಈ ಊರಲ್ಲಿ ಯಾರಿದಾರೆ ಅಂತ ಅಧ್ಯಕ್ಷರಿಗೆ ಗೊತ್ತಿರಬೇಕಲ್ಲ? ಅವರ ಮನೇಲೇ ಇದಾರೆ. ಈ ನಿಯಮ ಯಾರ ಅಳತೆಗೆ ಹೊಲಿದ ಅಂಗಿ ಅಂತ ಬಾಯಿ ಬಿಟ್ಟು ಹೇಳ್ಬೇಕಾ?"

ಅತ್ತಿಗೆಯ ಕಿವಿ ಕೆಂಪಾದದ್ದು ನನಗೆ ಹಿಂದಿನ ಸಾಲಿಗೂ ಕಾಣಿಸಿತು. ನೀರು ಕುಡಿದರು. ಆಮೇಲೆ ಹೇಳಿದರು: "ಹಾಗಾದ್ರೆ ಒಂದು ಮಾಡೋಣ. ಈ ನಿಯಮ ಇವತ್ತಿಂದ ಮುಂದೆ ಕೂರೋರಿಗೆ ಮಾತ್ರ. ಹಿಂದೆ ಪಾಸಾದ ಪತ್ರಿಕೆ ಯಾವುದೂ ಲೆಕ್ಕಕ್ಕೆ ಬರಲ್ಲ. ಯಾರದ್ದೂ."

ವಕೀಲರು ಕೂತರು. ಅತ್ತಿಗೆ ಮತಕ್ಕೆ ಕೈ ಎತ್ತಿಸಿದರು, ನಿಯಮ ಪಾಸಾಯಿತು. ಚಪ್ಪಾಳೆಯೂ ಬಿತ್ತು.

ಅತ್ತಿಗೆಯನ್ನು ಕರೆದುಕೊಂಡು ನೇರ ಮನೆಗೆ ಬಂದೆ. ಮನೆಯಲ್ಲಿ ಅಣ್ಣ ಇಸ್ತ್ರಿ ಮಾಡುತ್ತಿದ್ದ. ನಡೆದದ್ದನ್ನು ಅತ್ತಿಗೆಯೇ ಹೇಳಿದರು, ಒಂದನ್ನೂ ಬಿಡದೆ. ಅಣ್ಣನಿಗೆ ವಕೀಲರ ಮೇಲೆ ಸಿಟ್ಟು ಬರುತ್ತದೆ ಎಂದು ನಾನು ಕಾದಿದ್ದೆ. ಅವನು ಇಸ್ತ್ರಿಪೆಟ್ಟಿಗೆಯ ಸ್ವಿಚ್ ಆರಿಸಿದ.

"ನೀನು ಫೋನ್ ಮಾಡಿ ಕರೆದೆಯಲ್ಲ, ಆ ಜನ?"

"ಅವರು ಹೊಸದಾಗಿ ಬರೀಬೇಕಾಗತ್ತೆ."

"ಅವರು ಮತ್ತೆ ಬರಲಿ ಅಂತ ಅಲ್ವಾ ಇಷ್ಟೆಲ್ಲ ಮಾಡಿದ್ದು? ಗಂಡನ ಮೇಲೆ ಒಂದು ಮಾತು ಬಂತು ಅಂತ ಅಷ್ಟೂ ಜನರ ತಲೆ ಮೇಲೆ ಕಲ್ಲು ಹಾಕಿ ಬಂದ್ಯಾ? ನಂಗೆ ಕೊಡೋದು ಬೇಡ ಅನ್ನಿಸಿದ್ರೆ ನಂಗೊಬ್ಬನಿಗೆ ಬೇಡ ಅನ್ಬೇಕಿತ್ತು."

"ನಿಮಗೊಬ್ಬರಿಗೆ ಬೇಡ ಅನ್ನೋಕೆ ನಾನ್ಯಾರು?"

"ಅವರಿಗೆ ಬೇಡ ಅನ್ನೋಕೆ ಯಾರಾದೆ ಮತ್ತೆ?"

ನಾನು ಮೆತ್ತಗೆ ಮಹಡಿ ಹತ್ತಿದೆ. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುತ್ತಾರಲ್ಲ, ಅತ್ತಿಗೆ ಅದನ್ನೂ ಮೀರಿಸಿ ಒಂದೇ ಏಟಿಗೆ ಊರಿಗೂ ಮನೆಗೂ ಮಾರಿಯಾಗಿದ್ದರು. ಮರುದಿನ ಬೆಳಿಗ್ಗೆ ಅವರೇ ನನ್ನ ಬಳಿ ಅದನ್ನು ಒಪ್ಪಿಕೊಂಡರು. "ನಿಮ್ಮಣ್ಣ ಹೇಳಿದ್ದು ಸರಿ ಕಣೆ. ನಂಗೆ ನಾಚಿಕೆ ಆಯ್ತು, ಆ ನಾಚಿಕೇಲಿ ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ. ಬಾ, ಮೇಷ್ಟ್ರ ಮನೆಗೆ ಹೋಗ್ಬೇಕು."

"ಅವರು ನಿಮಗೆ ವಿರೋಧ ಅಲ್ವಾ ಅತ್ತಿಗೆ?"

"ಅದಕ್ಕೇ ಅವರ ಹತ್ರ ಹೋಗೋದು."

ಮೇಷ್ಟ್ರು ಅಂಗಳದಲ್ಲಿ ಸೈಕಲ್ ತಲೆಕೆಳಗು ನಿಲ್ಲಿಸಿ ಟ್ಯೂಬಿಗೆ ತೇಪೆ ಹಚ್ಚುತ್ತಿದ್ದರು. ಅತ್ತಿಗೆ ಸುತ್ತಿ ಬಳಸದೆ ವಿಷಯ ಹೇಳಿದರು. ಹಿಂದೆ ಫೇಲಾದವರ ವಿಚಾರದಲ್ಲಿ ತಾವು ತೀರ್ಮಾನ ಮಾಡುವ ಹಾಗಿಲ್ಲ, ಮಾಡಿದ್ದೇ ತಪ್ಪಾಯಿತು. ಸಮಿತಿ ಒಪ್ಪಿದರೆ ಆ ಒಂದು ಪ್ರಶ್ನೆಯನ್ನು ಮೇಷ್ಟ್ರೇ ನೋಡಿ ಹೇಳಬೇಕು. ಅವರು ಏನು ಹೇಳಿದರೂ ತಾವು ಚಕಾರ ಎತ್ತುವುದಿಲ್ಲ.

"ಬೇಡ ಅಂದ್ರೆ?"

"ಬೇಡ ಅಂತಲೇ ಆಗತ್ತೆ."

ಮೇಷ್ಟ್ರು ತೇಪೆಯನ್ನು ಹೆಬ್ಬೆರಳಿನಲ್ಲಿ ಒತ್ತಿ ಹಿಡಿದುಕೊಂಡೇ ಇದ್ದರು. "ನರ್ಸಮ್ಮ, ನಿಮ್ಮ ಯಜಮಾನ್ರ ಪೇಪರು ಮೂರು ಸಲಾನೂ ತಿದ್ದಿದ್ದು ನಾನೇ. ಮಿಕ್ಕ ಪತ್ರಿಕೆ ಚಿನ್ನದ ಹಾಗಿತ್ತು. ಆದರೆ ಕೈಬರಹದಲ್ಲಿ ಮನುಷ್ಯ ಕಥೆ ಕಟ್ಟಿಬಿಡ್ತಾನೆ. ಆ ಪುಟದಲ್ಲಿ ಇಲ್ಲದೇ ಇರೋ ಒಬ್ಬ ತಂಗೀನ ಹುಟ್ಟಿಸಿದ್ದ. ಓದಿದ್ರೆ ನಂಗೇ ಅವಳು ಇದ್ದಿರಬಹುದು ಅನ್ನಿಸ್ಬಿಡ್ತು. ಅಷ್ಟು ಚೆನ್ನಾಗಿ ಹುಟ್ಟಿಸಿದ್ದ."

ಅತ್ತಿಗೆಗೆ ನಗು ಬಂತು, ತಡೆದುಕೊಂಡರು. ನನಗೆ ತಡೆಯಲಾಗಲಿಲ್ಲ.

ಸಮಿತಿ ಒಪ್ಪಿತು. ಮೇಷ್ಟ್ರು ಎಂದರೆ ತಮ್ಮ ಕಡೆಯವರು ಎಂದುಕೊಂಡು ವಕೀಲರೂ ಒಪ್ಪಿದರು. ಮೇಷ್ಟ್ರು ಎರಡು ವಾರ ತಗೊಂಡು ತೀರ್ಮಾನ ಬರೆದು ಕಳಿಸಿದರು. ಹಿಂದೆ ಪಾಸಾದ ಪತ್ರಿಕೆಗಳೆಲ್ಲ ಎಲ್ಲರಿಗೂ ಲೆಕ್ಕಕ್ಕೆ ಬರುತ್ತವೆ. ತಾವು ಪಾಸು ಎಂದು ಬರೆದದ್ದನ್ನು ಇವತ್ತು ಅಲ್ಲ ಎನ್ನಲು ತಮಗೆ ಆಗುವುದಿಲ್ಲ. ಆದರೆ ಒಂದೇ ಪತ್ರಿಕೆಗೆ ಕೂತು ಬರೆಯುವವರಿಗೆ ಓದಿಕೊಳ್ಳಲು ಸಮಯ ಹೆಚ್ಚು ಸಿಗುತ್ತದೆ, ಹಾಗಾಗಿ ಅಂಥವರಿಗೆ ಪಾಸಿನ ಅಂಕ ಹತ್ತು ಏರಬೇಕು. ವಕೀಲರ ಗುಂಪಿಗೆ ಮೊದಲ ಭಾಗ ಹಿಡಿಸಲಿಲ್ಲ, ಅತ್ತಿಗೆಯ ಗುಂಪಿಗೆ ಎರಡನೆಯದು ಹಿಡಿಸಲಿಲ್ಲ. ಅತ್ತಿಗೆ ಕೊಟ್ಟ ಮಾತಿನಂತೆ ಚಕಾರ ಎತ್ತಲಿಲ್ಲ. ಆ ಸಲದ ಪರೀಕ್ಷೆ ಮುಗಿಯುವವರೆಗೆ ತಾವು ಪರೀಕ್ಷಾ ಸಮಿತಿಯ ಕೋಣೆಗೂ ಕಾಲಿಡುವುದಿಲ್ಲ ಎಂದು ಬರೆದುಕೊಟ್ಟರು.

ಅಣ್ಣ ಅರ್ಜಿ ಹಾಕಿದ. "ಹಾಕದೇ ಇದ್ರೆ ಆ ವಕೀಲ ಹೇಳಿದ್ದು ನಿಜ ಅಂತ ನಾನೇ ಒಪ್ಪಿಕೊಂಡ ಹಾಗೆ" ಅಂದ.

ಆಮೇಲಿನ ತಿಂಗಳುಗಳು ಕೆಳಗಿನ ಮನೆಯಲ್ಲಿ ವಿಚಿತ್ರವಾಗಿದ್ದವು. ಪರೀಕ್ಷೆ ಎಂಬ ಶಬ್ದವೇ ನಿಷಿದ್ಧ. ಅಣ್ಣ ಮೇಜಿನ ಮೇಲೆ ಹಳೇ ಪುಟಗಳ ನಕಲು ಹರಡಿಕೊಂಡರೆ ಅತ್ತಿಗೆ ಎದ್ದು ಒಳಗೆ ಹೋಗುತ್ತಿದ್ದರು. ಕೊನೆಗೆ ಅವನು ಎಲ್ಲವನ್ನೂ ಹೊತ್ತುಕೊಂಡು ನನ್ನ ಅಡುಗೆಮನೆಗೆ ಬಂದ. ನನಗೆ ಹಳೇ ಬರಹ ಓದಲು ಬರುವುದಿಲ್ಲ, ಆದರೆ ಅಂದಾಜು ಮಾಡುವವರನ್ನು ಹಿಡಿಯಲು ಬರುತ್ತದೆ. ಕಣ್ಣು ಪರೀಕ್ಷೆಗೆ ಬಂದವರೂ ಹಾಗೇ ಮಾಡುತ್ತಾರೆ. ಕೊನೇ ಸಾಲಿನ ಅಕ್ಷರ ಕಾಣದಿದ್ದರೂ ಏನೋ ಒಂದು ಹೇಳಿಬಿಡುತ್ತಾರೆ, ಪಾಸಾಗಬೇಕು ನೋಡಿ. ಅವರಿಗೆ ಹೇಳುವುದನ್ನೇ ಅಣ್ಣನಿಗೂ ಹೇಳಿದೆ: "ಕಾಣ್ತಿಲ್ಲ ಅಂದ್ರೆ ಯಾರೂ ಬೈಯಲ್ಲ. ಸುಳ್ಳು ಹೇಳಿದ್ರೆ ತಪ್ಪು ಕನ್ನಡಕ ಸಿಗತ್ತೆ." ಅವನು ಓದುತ್ತ ಹೋಗುವನು, ನಾನು ಅವನ ಮುಖ ನೋಡುತ್ತಿರುವೆ. ಕಣ್ಣು ಪುಟ ಬಿಟ್ಟು ಮೇಲಕ್ಕೆ ಹೋಯಿತೋ, ಮೇಜು ತಟ್ಟುವೆ. "ಕಾಣ್ತಿಲ್ಲ" ಎಂದು ಅವನು ಹಲ್ಲು ಕಚ್ಚಿ ಬರೆಯುವನು. ಅರವತ್ತರ ಹತ್ತಿರ ಬಂದ ಮನುಷ್ಯನಿಗೆ ಆ ಒಂದು ಮಾತು ಬಾಯಿಗೆ ಬರುವಂತೆ ಮಾಡುವಷ್ಟರಲ್ಲಿ ನನ್ನ ಕೈಗೆ ನೋವು ಬಂತು.

ಪರೀಕ್ಷೆ ಆಯಿತು, ಫಲಿತಾಂಶವೂ ಬಂತು. ಹಿಂದೆ ಬಿಟ್ಟುಹೋಗಿದ್ದವರಲ್ಲಿ ಮತ್ತೆ ಬಂದು ಕೂತವರು ಬಹಳ ಜನ, ಪಾಸಾದವರೂ ಬಹಳ. ಅಣ್ಣ ಫೇಲು. ಹಳೇ ಲೆಕ್ಕದಲ್ಲಾದರೆ ಪಾಸು. ಮೇಷ್ಟ್ರು ಏರಿಸಿದ ಹತ್ತು ಅಂಕದ ಗೋಡೆಗೆ ಹಣೆ ಬಡಿದಿತ್ತು. ಎಲ್ಲಿ ತಪ್ಪಿತು ಎಂದು ತಿಳಿಸುವ ಹಾಳೆಯಲ್ಲಿ ಒಂದೇ ಸಾಲು: ಎರಡು ಕಡೆ, ಪುಟದಲ್ಲಿ ಇಲ್ಲದ ಹೆಸರುಗಳನ್ನು ಸೇರಿಸಲಾಗಿದೆ.

"ಎರಡೇ!" ಅಂದ ಅಣ್ಣ. "ಮುಂಚೆ ಇಡೀ ಕುಟುಂಬಾನೇ ಸೇರಿಸ್ತಿದ್ದೆ." ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ತಿರುಗಿ ಬಂದದ್ದು ಊಟದ ಹೊತ್ತು ಮೀರಿದ ಮೇಲೆ.

ಅವನು ಹೋದ ಮೇಲೆ ಅತ್ತಿಗೆ ಮೇಲಕ್ಕೆ ಬಂದರು. ಬೆನ್ನುನೋವಿಗೆ ಮೆಟ್ಟಿಲು ಹತ್ತುವವರೇ ಅಲ್ಲ. ನನ್ನ ಮಂಚದ ಮೇಲೆ ಕೂತು, ಸ್ವಲ್ಪ ಹೊತ್ತು ಸೆರಗಿನ ಅಂಚು ಮಡಿಸುತ್ತ ಬಿಚ್ಚುತ್ತ ಇದ್ದರು.

"ಫೇಲು ಅಂತ ನೋಡಿದ ತಕ್ಷಣ ನಂಗೆ ಏನನ್ನಿಸ್ತು ಗೊತ್ತಾ? ಉಸ್ಸಪ್ಪಾ ಅನ್ನಿಸ್ತು. ಇನ್ನು ಯಾರೂ ಏನೂ ಅನ್ನೋ ಹಾಗಿಲ್ಲ ಅಂತ. ಕೈ ಹಿಡಿದ ಗಂಡ ಸೋತಿದ್ದಕ್ಕೆ ಸಮಾಧಾನ ಪಡೋಳು ಎಂಥಾ ಹೆಂಗಸು ನಾನು?" ಅಷ್ಟು ವರ್ಷಗಳಲ್ಲಿ ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನೀರು ತಂದುಕೊಟ್ಟೆ. "ಅಣ್ಣಂಗೆ ಹೇಳ್ಬೇಡಿ" ಎಂದೆ. ಆದರೆ ಅವರು ಹೇಳಿದರಂತೆ, ಅವತ್ತೇ. ಅಣ್ಣ, "ನಿಂಗೆ ಹಂಗನ್ನಿಸ್ದೇ ಇದ್ದಿದ್ರೆ ನೀನು ಮನುಷ್ಯಳೇ ಅಲ್ಲ" ಅಂದನಂತೆ, ಮತ್ತೆ ಎರಡು ದಿನ ಮಾತಾಡಲಿಲ್ಲವಂತೆ. ಎರಡೂ ಅವನೇ.

ಮುಂದಿನ ವಾರ ವಕೀಲರು ಮನೆಗೇ ಬಂದರು. ಬಾಗಿಲಲ್ಲೇ ನಿಂತು, ಅವತ್ತು ತಾನು ಹಾಗೆ ಹೇಳಬಾರದಿತ್ತು ಅಂದರು.

"ಪ್ರಶ್ನೆ ಕೇಳ್ಬೇಕಾದ್ದೇ, ಅದರಲ್ಲಿ ತಪ್ಪಿಲ್ಲ" ಅಂದರು ಅತ್ತಿಗೆ. "ಕೇಳಿದ ರೀತಿ ಕೆಟ್ಟದಾಗಿತ್ತು. ಅಂಗಿ ಹೊಲಿಯೋ ಮಾತೆಲ್ಲ ಬೇಕಿರ್ಲಿಲ್ಲ. ಒಳಗೆ ಬನ್ನಿ." ವಕೀಲರು ಒಳಗೆ ಬಂದು ಅಣ್ಣನ ಎದುರು ಕೂತರು. ಇಬ್ಬರೂ ಸ್ವಲ್ಪ ಹೊತ್ತು ಮಳೆ ಬರುವ ಸೂಚನೆಯ ಬಗ್ಗೆ ಮಾತಾಡಿದರು. ಆಮೇಲೆ ವಕೀಲರು ಒಂದು ಕಷ್ಟದ ಕೇಸಿನ ವಿಷಯ ತೆಗೆದರು. ಸಂಜೆಯ ಹೊತ್ತಿಗೆ ಆ ಕೇಸು ಅಣ್ಣನ ಕೈಗೆ ಬಂದಿತ್ತು.

ಅತ್ತಿಗೆ ನಾಲ್ಕು ವರ್ಷ ಅಧ್ಯಕ್ಷೆಯಾಗಿದ್ದರು. ಆ ಅವಧಿಯಲ್ಲಿ ಅಣ್ಣ ಮತ್ತೆ ಅರ್ಜಿ ಹಾಕಲಿಲ್ಲ, ಅವರೂ ಕೇಳಲಿಲ್ಲ. ಪರೀಕ್ಷೆಗೆ ಬರುವವರು ಹೆಚ್ಚಾದರು, ಹೊಸ ಪರೀಕ್ಷಕರು ಬಂದರು. ಮುನಿಸಿಕೊಂಡವರಲ್ಲಿ ಇಬ್ಬರು ಮಾತ್ರ ಕೊನೆಯವರೆಗೂ ತಿರುಗಿ ಬರಲಿಲ್ಲ. ಎಲ್ಲ ಬದಲಾವಣೆಯೂ ಕೈಗೂಡಿತು ಎಂದಲ್ಲ. ಕಂಪ್ಯೂಟರ್ ಪರೀಕ್ಷೆಯ ಮೊದಲ ವರ್ಷ ಕರೆಂಟು ಹೋಗಿ ಎಲ್ಲರೂ ಪೆನ್ನು ಹಿಡಿದು ಬರೆದರು. ಅತ್ತಿಗೆ ಮೇಷ್ಟ್ರಿಗೆ ಫೋನ್ ಮಾಡಿ, "ನಗಬೇಡಿ" ಅಂದರಂತೆ. "ನಗ್ತಾ ಇದೀನಿ" ಅಂದರಂತೆ ಅವರು.

ಎರಡನೇ ಅವಧಿಗೆ ನಿಲ್ಲಿ ಎಂದು ಎಲ್ಲರೂ ಒತ್ತಾಯ ಮಾಡಿದರು. ಅತ್ತಿಗೆ ಒಪ್ಪಲಿಲ್ಲ. ಕಾರಣ ಕೇಳಿದವರಿಗೆಲ್ಲ ಆರೋಗ್ಯ ಎಂದರು. ಅವರು ಕುರ್ಚಿ ಬಿಟ್ಟ ತಿಂಗಳೇ ಅಣ್ಣ ಅರ್ಜಿ ಹಾಕಿದ.

ಫಲಿತಾಂಶ ಬಂದ ದಿನ ಅವರ ಮನೆಯಲ್ಲಿ ಇಬ್ಬರು ವಯಸ್ಸಾದ ಗಂಡಸರು ಕೂತಿದ್ದರು. ಚಿಕ್ಕಂದಿನಲ್ಲಿ ಬೇರೆ ಬೇರೆ ಮನೆಗೆ ದತ್ತು ಹೋಗಿದ್ದ ಅಣ್ಣತಮ್ಮಂದಿರು. ಅವರನ್ನು ಹುಡುಕಿ ಸೇರಿಸಿದವನು ನಮ್ಮಣ್ಣ, ದಾಖಲೆ ಗಟ್ಟಿ ಮಾಡಿದವರು ಅತ್ತಿಗೆ. ಆ ಇಬ್ಬರಿಗೂ ಏನು ಮಾತಾಡಬೇಕೆಂದು ತಿಳಿಯುತ್ತಿರಲಿಲ್ಲ. ಒಬ್ಬರು, "ನಿಂಗೂ ಶುಗರ್ ಇದೆಯಾ?" ಎಂದು ಕೇಳಿದರು. "ಇದೆ" ಅಂದರು ಇನ್ನೊಬ್ಬರು. ಅಲ್ಲಿಂದ ಮಾತು ಶುರುವಾಯಿತು. ಅಷ್ಟರಲ್ಲಿ ಅಣ್ಣನ ಮೊಬೈಲಿಗೆ ಸಂದೇಶ ಬಂತು. ಅವನು ಓದಿ, ಅತ್ತಿಗೆಯ ಮುಂದೆ ಹಿಡಿದ. ಅತ್ತಿಗೆ ನೋಡಿ, ತಲೆಯಾಡಿಸಿ, ಅತಿಥಿಗಳಿಗೆ ಸಕ್ಕರೆ ಇಲ್ಲದ ಚಹಾ ತರಲು ಒಳಗೆ ಹೋದರು. ಫೇಲೋ ಪಾಸೋ ನನಗೆ ಆ ಮುಖಗಳಿಂದ ತಿಳಿಯಲೇ ಇಲ್ಲ.

ಆ ಮುದುಕರು ಇಬ್ಬರೂ ಒಂದೇ ಆಟೋದಲ್ಲಿ ಹೋದರು. ಬಾಗಿಲು ಹಾಕಿ ಬಂದ ಅತ್ತಿಗೆ ಸೋಫಾದ ಮೇಲೆ ಅಣ್ಣನ ಪಕ್ಕ ಕೂತು ಕೈ ಚಾಚಿದರು.

"ರೀ, ಇನ್ನೊಂದ್ಸಲ ತೋರ್ಸಿ. ಪಾಸು ಅಂತ ಕಣ್ಣಾರೆ ಓದ್ಬೇಕು."

ಅಣ್ಣ ತೋರಿಸಿದ. ಅವರು ಕನ್ನಡಕ ಹಾಕಿಕೊಂಡು, ತುಟಿ ಅಲ್ಲಾಡಿಸುತ್ತ, ಒಂದೊಂದೇ ಅಕ್ಷರ ಬಿಡದೆ ಓದಿದರು.